ಮೇಡಂ ಬೈದರೆ ಮಾತ್ರ ನೆನಪೇ?

ನಮ್ಮ ಡೊಂಬಿವಲಿಯ ಗೆಳತಿಯರು ಸೇರಿದರೆ ಮಕ್ಕಳ ನೌಕರಿಯ ಸುದ್ದಿ ಬಂದೇ ಬರುತ್ತದೆ. ‘ಬಾಸ್ ಹೆಂಗಸಂತೆ, ಪಾಪ!’ ಎಂಬ ಉದ್ಗಾರವೂ. ಈ ‘ಪಾಪ’ ಯಾಕೆಂದು ಕೆಲವರನ್ನು ವಿಚಾರಿಸಿದೆ.

ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗಿಯೊಬ್ಬಳ ದೂರು ಹೀಗೆ: ರಜೆ ಕೇಳಿದರೆ ಅವಳ ಮೇಡಂ ‘ನಾನು ಮಗು ಕಟ್ಟಿಕೊಂಡು ನಿಭಾಯಿಸಲಿಲ್ಲವೇ?’ ಎನ್ನುತ್ತಾರಂತೆ. ನಿಜವೇ ಇರಬೇಕು. ಕಷ್ಟಪಟ್ಟು ಮೇಲೆ ಬಂದವರೆಲ್ಲ ಮೃದುವಾಗಿರುತ್ತಾರೆಂದು ಯಾರು ಹೇಳಿದರು? ಅತ್ತೆಯಂದಿರನ್ನು ನೋಡಿಲ್ಲವೇ!

ಬೇರೆ ರೀತಿಯವರೂ ಇದ್ದಾರೆ. 1977ರಲ್ಲಿ ಸ್ಟೇಟ್ ಬ್ಯಾಂಕ್ ಸೇರಿ, 2013ರಲ್ಲಿ ಅದರ ಮೊದಲ ಮಹಿಳಾ ಅಧ್ಯಕ್ಷರಾದ ಅರುಂಧತಿ ಭಟ್ಟಾಚಾರ್ಯ, ಮಕ್ಕಳು ಹಾಗೂ ಹಿರಿಯರ ಆರೈಕೆಗಾಗಿ ಮಹಿಳಾ ಸಿಬ್ಬಂದಿಗೆ ಎರಡು ವರ್ಷದವರೆಗಿನ ರಜೆಯ ವ್ಯವಸ್ಥೆ ತಂದರು. ಇನ್ನು ನಮ್ಮ ಮಾಟುಂಗಾ ಸ್ಟೇಷನ್, ಮೈಸೂರು ಅಸೋಸಿಯೇಷನ್ನಿಗೆ ಹೋಗುವಾಗ ನೀವು ಇಳಿಯುವಿರಲ್ಲ, ಅದನ್ನು 2017ರಲ್ಲಿ ಮಧ್ಯ ರೈಲ್ವೆ ಪೂರ್ತಿ ಮಹಿಳೆಯರ ಕೈಗೊಪ್ಪಿಸಿತು. ಸ್ಟೇಷನ್ ಮ್ಯಾನೇಜರರಿಂದ ಟಿಕೆಟ್ ತನಿಖೆಯವರೆಗೂ ಹೆಂಗಸರೇ. ಗಾಡಿಗಳೇನೂ ನಿಂತುಬಿಡಲಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ಕಲ್ಯಾಣದ ಹಿರಿಯರೊಬ್ಬರು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದರು: ‘ಹತ್ತಾರು ಮ್ಯಾನೇಜರರ ಕೈಕೆಳಗೆ ದುಡಿದೆ ಅಮ್ಮಾ. ಬೈಯದವರು ಯಾರೂ ಇಲ್ಲ. ಸಾಹೇಬರು ಬೈದರೆ ಕ್ಯಾಂಟೀನಿನ ಚಹಾದೊಂದಿಗೆ ಮರೆಯುತ್ತಿದ್ದೆವು. ಮೇಡಂ ಬೈದರೆ ಲೋಕಲ್ ಗಾಡಿಯಲ್ಲಿ ಕಲ್ಯಾಣ ಬರುವವರೆಗೂ ಅದೇ ಮಾತು. ಆಮೇಲೆ ಹೆಂಡತಿಯ ಮುಂದೆ ಇನ್ನೊಮ್ಮೆ!’

ಈಗ ಅವರ ಮಗಳೇ ವಾಶಿಯಲ್ಲಿ ಮ್ಯಾನೇಜರ್. ಇಪ್ಪತ್ತು ಜನ ಅವಳ ಕೈಕೆಳಗೆ. ಸಂಜೆಯ ಗಾಡಿಯಲ್ಲಿ ಅವರೆಲ್ಲ ಅವಳ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೋ ಎಂಬ ಚಿಂತೆ ತಂದೆಗೆ. ಮಗಳಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ.