ಆಷಾಢದಲ್ಲಿ ಮೂರು ಕ್ಯಾಮೆರಾ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮದುವೆ ವೀಡಿಯೋದವರಿಗೆ ಆಷಾಢ ಬಂತೆಂದರೆ ಕೈ ಬರಿದು. ಲಗ್ನದ ಕಾಲದಲ್ಲಿ ಛತ್ರದೊಳಗೆ ಮೂರು ಕ್ಯಾಮೆರಾ ನಿಲ್ಲಿಸಿ, ಮಿಕ್ಸರ್ ಮುಂದೆ ಕೂತು ಧಾರೆ, ಓಲಗ, ಊಟದ ಸಾಲುಗಳನ್ನು ಎಲ್‌ಇಡಿ ಪರದೆಗೆ ಬಿಡುತ್ತಿದ್ದ ಸಾಮಾನೆಲ್ಲ ಬ್ಯಾಗು ಸೇರುತ್ತದೆ. ಅದೇ ಸಾಮಾನಿಗೆ ಇನ್ನೊಂದು ಒಳ್ಳೆಯ ಕೆಲಸವಿದೆ: ಊರಿನ ಹಿರಿಯರನ್ನು ಜಗಲಿ ಮೇಲೆ ಕೂರಿಸಿ ಮಾತಾಡಿಸುವುದು. ದೀರ್ಘ ಸಂದರ್ಶನವನ್ನೂ ಕನ್ನಡಿಗರು ಕೂತು ನೋಡುತ್ತಾರೆಂಬುದನ್ನು ಕೆ.ಎಸ್. ಪರಮೇಶ್ವರ ಅವರ ಯೂಟ್ಯೂಬ್ ಚಾನೆಲ್ ‘ಕಲಾಮಾಧ್ಯಮ’ ತೋರಿಸಿಕೊಟ್ಟಿದೆ. ವಿಷಯಕ್ಕೇನೂ ಇಲ್ಲಿ ಬರವಿಲ್ಲ. ಮದ್ದೂರು ಪಕ್ಕದ ಶಿವಪುರದಲ್ಲಿ 1938ರ ಧ್ವಜ ಸತ್ಯಾಗ್ರಹದ ಕಥೆಯನ್ನು ಅಪ್ಪನ ಬಾಯಲ್ಲಿ ಕೇಳಿದವರಿಗೇ ಈಗ ವಯಸ್ಸಾಗಿದೆ.

ಒಬ್ಬರು ಮಾತಾಡುವುದಕ್ಕೆ ಮೂರು ಕ್ಯಾಮೆರಾ ಯಾಕೆ? ಕತ್ತರಿಗಾಗಿ. ನಮ್ಮ ಕಡೆಯವರು ಶಿವಪುರ ಅಂತ ಶುರುಮಾಡಿ ನಾಲೆ ನೀರು, ಕಬ್ಬಿನ ದರ, ಮಗಳ ಬಾಣಂತನ ಎಲ್ಲ ಸುತ್ತಿ ಮತ್ತೆ ಶಿವಪುರಕ್ಕೇ ಬರುತ್ತಾರೆ. ಒಂದೇ ಕ್ಯಾಮೆರಾದಲ್ಲಿ ನಡುವಿನದನ್ನು ತೆಗೆದರೆ ಯಜಮಾನರ ತಲೆ ಎಡದಿಂದ ಬಲಕ್ಕೆ ಗಕ್ಕನೆ ಜಿಗಿಯುತ್ತದೆ. ಅಲ್ಲಿ ಪಕ್ಕದ ಕೋನದ ಚಿತ್ರ ಹಾಕಿದರೆ ಹೊಲಿಗೆ ಕಾಣುವುದಿಲ್ಲ. ಕಾಣುವುದಿಲ್ಲವೆಂಬುದೇ ಭಯ ಕೂಡ. ತಲೆದೂಗುವ ಸಂದರ್ಶಕನನ್ನು ಎರಡು ಸೆಕೆಂಡು ತೋರಿಸಿ, ಯಾವುದೋ ಪ್ರಶ್ನೆಗೆ ಇನ್ಯಾವುದೋ ಉತ್ತರ ಅಂಟಿಸಿದರೂ ಯಾರಿಗೂ ಗೊತ್ತಾಗದು. ನನ್ನನ್ನು ಕೇಳಿದರೆ, ಆ ಬಾಣಂತನದ ಮಾತನ್ನು ಉಳಿಸಿಕೊಳ್ಳಿ ಅನ್ನುತ್ತೇನೆ.

ಕೂರಿಸುವುದಕ್ಕೂ ಲೆಕ್ಕವಿದೆ. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ ಎಲ್ಲ ಕ್ಯಾಮೆರಾಗಳನ್ನೂ ಅದರ ಒಂದೇ ಬದಿಗೆ ಇಡಬೇಕು. ಇಲ್ಲದಿದ್ದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಮೂರನೆಯವರ ಹತ್ತಿರ ಮಾತಾಡಿದಂತೆ ಕಾಣುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಓಡುವುದಿಲ್ಲ. ಚಿತ್ರ ಸ್ವಲ್ಪ ಮಬ್ಬಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಆದ್ದರಿಂದ ಕಾಲರ್ ಮೈಕ್ ಮೊದಲು. ಪಕ್ಕದಲ್ಲೇ ಆಲೆಮನೆಯ ಗಾಣ ತಿರುಗುತ್ತಿದ್ದರೆ ಒಳಮನೆಗೆ ಹೋಗುವುದೇ ವಾಸಿ.

ಎಲ್ಲ ಕ್ಯಾಮೆರಾಗಳು ಓಡತೊಡಗಿದ ಮೇಲೆ ಒಂದು ಜೋರು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಆ ಸದ್ದಿನ ಮೊನೆಯನ್ನು ಒಂದರ ಕೆಳಗೊಂದು ಕೂರಿಸಿದರೆ ಮೂರೂ ಒಟ್ಟಿಗೆ ನಡೆಯುತ್ತವೆ.

ಹಳೆಯ ಡಿಎಸ್‌ಎಲ್‌ಆರ್‌ಗಳದ್ದು ಇನ್ನೊಂದು ತಕರಾರು. ಅರ್ಧ ಗಂಟೆಗೆ ಒಂದು ಸೆಕೆಂಡ್ ಮೊದಲೇ ರೆಕಾರ್ಡಿಂಗ್ ನಿಂತುಹೋಗುತ್ತದೆ. ಯುರೋಪಿನ ಸುಂಕದ ಕಟ್ಟಳೆಗೆ ಹೆದರಿ ಕಂಪನಿಗಳು ಮಾಡಿದ ಏರ್ಪಾಡು. ಹಿರಿಯರ ಮಾತು ಹದಕ್ಕೆ ಬರುವುದೂ ಅಷ್ಟು ಹೊತ್ತಿಗೇ. ಹಾಗಾಗಿ ಮೂರನ್ನೂ ಹತ್ತು ಹತ್ತು ನಿಮಿಷ ಹಿಂದುಮುಂದು ಶುರುಮಾಡಬೇಕು. ಒಂದು ನಿಂತಾಗ ಇನ್ನೆರಡು ಓಡುತ್ತಿರುತ್ತವೆ. ನಿಂತದ್ದನ್ನು ಹೊರಡಿಸಿದಾಗಲೆಲ್ಲ ಮತ್ತೆ ಚಪ್ಪಾಳೆ. ಮೊದಲ ಸಲ ಯಜಮಾನರು ಬೆಚ್ಚಿಬೀಳುತ್ತಾರೆ. ಮೂರನೇ ಸಲಕ್ಕೆ, ‘ತಡಿ, ನಾನೇ ಹೊಡಿತೀನಿ’ ಅಂತ ಅವರೇ ಕೈ ಎತ್ತುತ್ತಾರೆ.