ಕಷ್ಟ ಇರುವುದು ಹಾಡಿನಲ್ಲೋ, ಕಟ್ಟಿಗೆಯಲ್ಲೋ, ಕೈಯಲ್ಲೋ?

‘ಈಗಲ್ಸ್’ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹೊರಬಂದದ್ದು 1976ರ ಡಿಸೆಂಬರಿನಲ್ಲಿ. ಅಪ್ಪಂದಿರ ಕಾಲದ ಈ ಹಾಡನ್ನು ಕೇಳಿ ಇವತ್ತಿಗೂ ಹುಡುಗರು ಗಿಟಾರ್ ಕೊಳ್ಳುತ್ತಾರೆ. ಮುಂಬಯಿಯ ಕಾಂದಿವಲಿಯಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗ ಅಂಥವರಲ್ಲಿ ಒಬ್ಬ. ಕ್ಲಾಸಿನ ಮೇಷ್ಟ್ರು ಕೊಟ್ಟ ಸರಳ ಪಾಠಗಳು ಅವನಿಗೆ ಬೇಡ, ಇದೊಂದೇ ಬೇಕು. ಕುಂದಾಪುರ ಕಡೆಯ ಅವನಮ್ಮ “ಸಣ್ಣ್ ಪದ್ಯ ಒಂದ್ ಮೊದ್ಲ್ ಕಲಿ ಮಗಾ” ಎನ್ನುವುದು ಕಿಟಕಿಯಿಂದ ಕೇಳಿಸುತ್ತದೆ. ಸಲಹೆ ಸರಿಯಾದದ್ದೇ. ಆದರೆ ಹುಡುಗನ ಹಟದಲ್ಲೂ ಹುರುಳಿದೆ. ಅದು ತಿಳಿಯಬೇಕಾದರೆ ಈ ಹಾಡಿನ ಕಷ್ಟ ಎಲ್ಲೆಲ್ಲಿ ಕೂತಿದೆ ಎಂದು ಬಿಡಿಸಿ ನೋಡಬೇಕು.

ಮೊದಲ ಕಷ್ಟ ಹುಟ್ಟಿದ್ದು ಒಬ್ಬ ಗಾಯಕನ ಗಂಟಲಿನಲ್ಲಿ. ತಂಡದ ಗಿಟಾರ್ ವಾದಕ ಡಾನ್ ಫೆಲ್ಡರ್ ಈ ಹಾಡಿನ ಸಂಗೀತವನ್ನು ಇ ಮೈನರ್ ಶ್ರುತಿಯಲ್ಲಿ ಕಟ್ಟಿದ್ದ. ಹಾಡಬೇಕಿದ್ದ ಡಾನ್ ಹೆನ್ಲಿಗೆ ಅದು ಎತ್ತರವಾಯಿತು, ಹಾಗಾಗಿ ಬಿ ಮೈನರ್‌ಗೆ ಇಳಿಸಿದರು. ಗಾಯಕನಿಗೆ ಸುಖವಾಯಿತು, ಗಿಟಾರಿಗೆ ಸಂಕಟ ಬಂತು. ಗಿಟಾರಿನ ಆರು ತಂತಿಗಳನ್ನು 82 ಹರ್ಟ್ಸ್‌ನ ಮಂದ್ರದಿಂದ 330 ಹರ್ಟ್ಸ್‌ನವರೆಗೆ ಶ್ರುತಿ ಮಾಡಿರುತ್ತಾರೆ. ಇ ಮೈನರ್ ಸ್ವರಗುಚ್ಛಕ್ಕೆ, ಅಂದರೆ ಕಾರ್ಡಿಗೆ, ಬೇಕಾದ ಸ್ವರಗಳು ಆ ಬಿಟ್ಟ ತಂತಿಗಳಲ್ಲೇ ಸಿಗುತ್ತವೆ. ಎರಡು ಬೆರಳಿಟ್ಟರೆ ಸಾಕು, ಉಳಿದ ನಾಲ್ಕು ತಂತಿ ತಾವೇ ನುಡಿಯುತ್ತವೆ. ಬಿ ಮೈನರ್‌ನಲ್ಲಿ ರೂಢಿಯ ಹಿಡಿತ ಹಿಡಿದರೆ ಬಿಟ್ಟ ತಂತಿ ಒಂದೂ ಸಿಗುವುದಿಲ್ಲ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟುಗಳು. ತೋರುಬೆರಳನ್ನು ಎರಡನೇ ಫ್ರೆಟ್ಟಿನ ಮೇಲೆ ಉದ್ದಕ್ಕೆ ಮಲಗಿಸಿ ತಂತಿಗಳನ್ನೆಲ್ಲ ಒಟ್ಟಿಗೆ ಅದುಮಬೇಕು. ಇದೇ ಬಾರ್ ಕಾರ್ಡ್. ಹೊಸಬರು ಗಿಟಾರನ್ನು ಬೀರುವಿನ ಮೇಲಕ್ಕೆ ಕಳಿಸುವುದು ಹೆಚ್ಚಾಗಿ ಇಲ್ಲೇ.

ಆದರೆ ಧ್ವನಿಮುದ್ರಣದ ಆರಂಭದಲ್ಲಿ ಕೇಳುವ ಹನ್ನೆರಡು ತಂತಿಯ ಗಿಟಾರಿನಲ್ಲಿ ಫೆಲ್ಡರ್ ಈ ಕಷ್ಟವನ್ನು ಪಡಲೇ ಇಲ್ಲ. ಏಳನೇ ಫ್ರೆಟ್ಟಿಗೆ ಕೇಪೋ ಎಂಬ ಹಿಡಿಕೆ ಹಾಕಿ, ಕೈಯನ್ನು ಇ ಮೈನರ್ ಆಕಾರದಲ್ಲೇ ಇಟ್ಟುಕೊಂಡ. ಇದು ನಮ್ಮ ಕಿವಿಗೆ ಹೊಸ ಲೆಕ್ಕವೇನಲ್ಲ. ಒಂದೊಂದು ಫ್ರೆಟ್ ದಾಟಿದಾಗಲೂ ಕಂಪನ ಸುಮಾರು 1.0595 ಪಟ್ಟಾಗುತ್ತದೆ, ಹನ್ನೆರಡು ದಾಟಿದರೆ ಸರಿಯಾಗಿ ಎರಡು ಪಟ್ಟು, ಅದು ತಾರ ಷಡ್ಜ. ಏಳು ದಾಟಿದರೆ 1.498 ಪಟ್ಟು, ಅಂದರೆ ಪಂಚಮ; ಇ ಆಕಾರ ಬಿ ಆಗಿ ನುಡಿಯುವುದು ಹೀಗೆ. 648 ಮಿಲಿಮೀಟರ್ ಉದ್ದದ ತಂತಿಯಲ್ಲಿ ಕೇಪೋ ಆಚೆ ನುಡಿಯುವುದು ಸುಮಾರು 432 ಮಿಲಿಮೀಟರ್, ಮೂರರಲ್ಲಿ ಎರಡು ಪಾಲು. ಶುದ್ಧ ಪಂಚಮದ ಅನುಪಾತ 1.5. ಆ ಕೂದಲೆಳೆ ವ್ಯತ್ಯಾಸವನ್ನು ಗಿಟಾರ್ ಸಹಿಸಿಕೊಳ್ಳುತ್ತದೆ, ಏಕೆಂದರೆ ಅದರ ಫ್ರೆಟ್ಟುಗಳನ್ನು ಕಟ್ಟಿಗೆಗೆ ಬಡಿದು ಕೂರಿಸಿರುತ್ತಾರೆ. ನಮ್ಮ ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ; ಮೆಟ್ಟಿಲು ಕೂರಿಸಿ ಮೇಳ ಕಟ್ಟುವವರು ಅವನ್ನು ಕಿವಿಯ ಅಳತೆಗೆ ಸರಿಸಬಲ್ಲರು.

ಕೇಪೋ ಹಾಕಿದ ಮೇಲೂ ಒಂದು ಬಾರ್ ಕಾರ್ಡ್ ಉಳಿಯುತ್ತದೆ. ಬಿ7 ಎಂಬ ಸುಲಭ ಆಕಾರದಿಂದ ಅದನ್ನು ತಪ್ಪಿಸಿಕೊಳ್ಳಬಹುದು. ಕಳ್ಳದಾರಿ ಎಂದು ಮೂಗು ಮುರಿಯುವವರು ಮುರಿಯಲಿ.

ಎರಡನೆಯ ಕಷ್ಟ ಕಟ್ಟಿಗೆಯದು. ಇಂಚಿನ ಸಾವಿರದಲ್ಲಿ 12 ಭಾಗ ದಪ್ಪದ ಉಕ್ಕಿನ ತಂತಿ 330 ಹರ್ಟ್ಸ್‌ನಲ್ಲಿ ನುಡಿಯಬೇಕಾದರೆ ಅದನ್ನು ಹತ್ತೂವರೆ ಕಿಲೋ ತೂಗುಬಿಟ್ಟಷ್ಟು ಬಿಗಿಯಬೇಕು. ಆರೂ ತಂತಿ ಸೇರಿದರೆ ಸುಮಾರು 70 ಕಿಲೋ, ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ಇಷ್ಟು ಬಿಗಿದ ತಂತಿಯನ್ನು ಫ್ರೆಟ್ಟಿಗೆ ಮುಟ್ಟಿಸಲು ಎಷ್ಟು ಒತ್ತಬೇಕು ಎನ್ನುವುದನ್ನು ತಂತಿ ಬಾಗುವ ಕೋನ ತೀರ್ಮಾನಿಸುತ್ತದೆ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿಗೆ ನಟ್ ಎನ್ನುತ್ತಾರೆ. ಅಲ್ಲಿಂದ ಮೊದಲ ಫ್ರೆಟ್ಟಿಗೆ ಬರೀ 36 ಮಿಲಿಮೀಟರ್ ದೂರ. ನಟ್ ಅರ್ಧ ಮಿಲಿಮೀಟರ್ ಎತ್ತರ ಉಳಿದಿದ್ದರೂ ಅಲ್ಲಿ ಒತ್ತಬೇಕಾದ ಬಲ ಸುಮಾರು ಇಮ್ಮಡಿಯಾಗುತ್ತದೆ. 215 ಮಿಲಿಮೀಟರ್ ಆಚೆಯ ಏಳನೇ ಫ್ರೆಟ್ಟಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಗ್ಗದ ಗಿಟಾರುಗಳಲ್ಲಿ ನಟ್ಟಿನ ಗೀರುಗಳನ್ನು ಸಾಕಷ್ಟು ಆಳಕ್ಕೆ ಉಜ್ಜಿರುವುದಿಲ್ಲ. ಸಾಲದ್ದಕ್ಕೆ ಮುಂಬಯಿಯ ಜುಲೈ ತಿಂಗಳ ಗಾಳಿ, ತೇವಾಂಶ ಶೇ. 80 ದಾಟಿದ್ದು. ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಗಿಟಾರಿನ ಹೊಟ್ಟೆ ಮೇಲೇಳುತ್ತದೆ, ಅದರೊಂದಿಗೆ ತಂತಿಗಳೂ ಏಳುತ್ತವೆ. ಮೇ ತಿಂಗಳಲ್ಲಿ ಬರುತ್ತಿದ್ದ ಕಾರ್ಡ್ ಮಳೆಗಾಲದಲ್ಲಿ ಕೈಕೊಟ್ಟರೆ ಹುಡುಗನ ಪ್ರತಿಭೆ ಬತ್ತಿತೆಂದು ಅರ್ಥವಲ್ಲ. ಮಗನನ್ನು ಗದರುವ ಮುನ್ನ ಗಿಟಾರನ್ನು ರಿಪೇರಿಯವರಿಗೆ ತೋರಿಸುವುದು ಲೇಸು. ಲೋಕಲ್ ರೈಲು ಹಿಡಿದು ಮರೀನ್ ಲೈನ್ಸ್‌ನಲ್ಲಿ ಇಳಿದರೆ ಹತ್ತಿರದ ಧೋಬಿ ತಲಾವ್‌ನಲ್ಲಿ 1865ರಿಂದ ನಡೆದುಬಂದ ಫರ್ಟಾಡೋಸ್ ಅಂಗಡಿಯೇ ಇದೆ.

ಇನ್ನು ಉಳಿದದ್ದು ತಲೆಯೊಳಗಿನ ಕಷ್ಟ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹಾರುವಾಗ ನಾಲ್ಕು ಬೆರಳು ನಾಲ್ಕು ದಿಕ್ಕಿಗೆ ಹೋಗಿ ಒಂದೇ ಗಳಿಗೆಗೆ ಇಳಿಯಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಬಲಗೈ ರೂಢಿಯ ಜನರಿಗೆ ಎಡಗೈಯಲ್ಲಿ ಐದು ಅಂಕಿಗಳ ಒಂದು ಸರಣಿಯನ್ನು ಒತ್ತಲು ಹೇಳಿದರು: ಹತ್ತು ಸೆಕೆಂಡು ಅಭ್ಯಾಸ, ಹತ್ತು ಸೆಕೆಂಡು ವಿರಾಮ, ಮತ್ತೆ ಅದೇ. ಆರಂಭದ ಸುತ್ತುಗಳಲ್ಲಿ ವೇಗ ಏರಿದ್ದು ಒತ್ತುತ್ತಿದ್ದಾಗ ಅಲ್ಲ, ಸುಮ್ಮನೆ ಕೂತಿದ್ದ ಆ ಹತ್ತು ಸೆಕೆಂಡುಗಳಲ್ಲಿ! ಮಿದುಳು ಆಗ ಆ ಸರಣಿಯನ್ನು ಒಳಗೊಳಗೇ ವೇಗವಾಗಿ ಮತ್ತೆ ಓಡಿಸಿ ನೋಡುತ್ತದೆ ಎಂದು ಮುಂದಿನ ಅಧ್ಯಯನ ಸೂಚಿಸಿತು. ಸಂಶೋಧಕ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಇಂಥದ್ದೇ ಬೆರಳಾಟದಲ್ಲಿ ಒಂದು ರಾತ್ರಿಯ ನಿದ್ದೆಯ ನಂತರ ವೇಗ ಸುಮಾರು ಶೇ. 20ರಷ್ಟು ಹೆಚ್ಚಿದ್ದನ್ನು ಕಂಡಿದ್ದರು. ರಾತ್ರಿ ಎರಡರವರೆಗೆ ಒಂದೇ ಕಾರ್ಡನ್ನು ಜಜ್ಜುವ ವೀರರು ಇದನ್ನು ಗಮನಿಸಬೇಕು. ಗೋಡೆಯಾಚೆಯ ನೆರೆಯವರ ಹಿತವೂ ಇದರಲ್ಲಿದೆ.

ಹಾಗಾದರೆ ಹಟದಲ್ಲಿ ಹುರುಳೇನು? ಕಿವಿ ಈ ಹಾಡನ್ನು ಮೊದಲೇ ಬಾಯಿಪಾಠ ಮಾಡಿರುತ್ತದೆ. ಪುಸ್ತಕದ ಅಪರಿಚಿತ ಪಾಠ ತಪ್ಪಿದರೆ ಹೇಳಲು ಗುರು ಬೇಕು, ಪ್ರೀತಿಯ ಹಾಡು ತಪ್ಪಿದರೆ ತಪ್ಪಿದ ಕ್ಷಣದಲ್ಲೇ ಕಿವಿ ಹೇಳುತ್ತದೆ. ಇದರ ಮುಂದಿನ ಹಂತ ಇನ್ನೂ ಸ್ವಾರಸ್ಯದ್ದು. 2007ರಲ್ಲಿ ಸಂಶೋಧಕ ಅಮೀರ್ ಲಹಾವ್ ಮತ್ತು ಸಂಗಡಿಗರು, ಸಂಗೀತ ಗೊತ್ತಿಲ್ಲದವರಿಗೆ ಐದು ದಿನ ಪಿಯಾನೋದಲ್ಲಿ ಒಂದು ಧಾಟಿ ಕಲಿಸಿ, ಆಮೇಲೆ ಸ್ಕ್ಯಾನರಿನಲ್ಲಿ ಮಲಗಿಸಿ ಅದನ್ನು ಕೇಳಿಸಿದರು. ಕೈ ಅಲುಗದಿದ್ದರೂ ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾದವು. ಕಲಿಯದ ಧಾಟಿಗೆ ಅಷ್ಟು ಸ್ಪಂದನ ಇರಲಿಲ್ಲ. ಅಂದರೆ ಸ್ವಲ್ಪ ನುಡಿಸಲು ಬಂದ ಮೇಲೆ, ಬೆಳಗಿನ ಚರ್ಚ್‌ಗೇಟ್ ಲೋಕಲ್ಲಿನಲ್ಲಿ ಕೈ ಎತ್ತಲೂ ಜಾಗವಿಲ್ಲದೆ ನಿಂತು ಇಯರ್‌ಫೋನಿನಲ್ಲಿ ಆ ಹಾಡು ಕೇಳುವುದು ಪೂರ್ತಿ ಕಾಲಹರಣವಲ್ಲ. ಹಾಗೆಂದು ಅದು ತಂತಿ ಒತ್ತುವುದಕ್ಕೆ ಬದಲಿಯೂ ಅಲ್ಲ. ಬೆರಳ ತುದಿಯ ಚರ್ಮ ದಡ್ಡುಗಟ್ಟುವುದು ಉಕ್ಕಿಗೆ ತಾಗಿದರೆ ಮಾತ್ರ.

ಹುಡುಗನ ಕಣ್ಣೆಲ್ಲ ಹಾಡಿನ ಕೊನೆಯ ಗಿಟಾರ್ ಸೋಲೋ ಮೇಲೆ. ಅದನ್ನು ಫೆಲ್ಡರ್ ಮತ್ತು ತಂಡದ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಇಬ್ಬರೂ ನುಡಿಸಿದ್ದಾರೆ; ಮೊದಲು ಸರದಿಯಲ್ಲಿ, ಕಡೆಗೆ ಒಂದೇ ಓಟವನ್ನು ಬೇರೆ ಬೇರೆ ಸ್ವರಗಳಲ್ಲಿ ಜೊತೆಯಾಗಿ. ಆ ಭಾಗವನ್ನು ರೆಕಾರ್ಡಿನಲ್ಲಿ ಇರುವಂತೆಯೇ ನುಡಿಸಲು ಎರಡು ಗಿಟಾರ್ ಬೇಕು. ಅವನು ಈಗ ಜೊತೆಗಾರನನ್ನು ಹುಡುಕುತ್ತಿದ್ದಾನೆ.