ಕಥನಕಲೆಯೂ ಗಣಕಯಂತ್ರದ ಯುಗವೂ

ಕಥೆಯನ್ನು ಹೇಳುವುದೂ ಕೇಳುವುದೂ ಮಾನವನಿಗೆ ಅನ್ನಪಾನಗಳಷ್ಟೇ ಸಹಜವಾದ ಹಂಬಲಗಳು. ಅಕ್ಷರವು ಹುಟ್ಟುವುದಕ್ಕೆ ಮೊದಲೇ ಕಥೆ ಹುಟ್ಟಿತ್ತು. ಕನ್ನಡನಾಡಿನಲ್ಲಂತೂ ಈ ಕಲೆಗೆ ದೀರ್ಘವಾದ ಇತಿಹಾಸವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಅಕ್ಷರಾಭ್ಯಾಸವಿಲ್ಲದ ಜನರೂ ಕಾವ್ಯದ ಮರ್ಮವನ್ನು ಬಲ್ಲರೆಂದು ಈ ನಾಡವರನ್ನು ಮೆಚ್ಚಿಕೊಂಡಿದೆ. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’, ಕಥೆಯೊಳಗೆ ಕಥೆಯನ್ನು ಹೆಣೆದ ದುರ್ಗಸಿಂಹನ ‘ಪಂಚತಂತ್ರ’, ಶರಣರ ಚರಿತೆಗಳನ್ನು ರಗಳೆಯ ಓಟಕ್ಕೆ ಒಲಿಸಿದ ಹರಿಹರನ ಕೃತಿಗಳು, ಗಮಕಿಗಳ ಕಂಠದಲ್ಲಿ ಇಂದಿಗೂ ಬಾಳುತ್ತಿರುವ ಕುಮಾರವ್ಯಾಸನ ಭಾರತ ಇವೆಲ್ಲವೂ ಆ ಮೆಚ್ಚುಗೆಗೆ ಸಾಕ್ಷಿಗಳು. ಇಂತಹ ನಾಡಿನಲ್ಲಿ ಕಥೆಯು ಇಂದು ಅಂಗೈಯಗಲದ ಗಾಜಿನ ಮೇಲೆ ಬಂದು ನಿಂತಿದೆ. ಇದರಿಂದ ಕಥನಕಲೆಗೆ ಒದಗಿದ ಲಾಭವೇನು, ನಷ್ಟವೇನು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಶಾಂತಚಿತ್ತದಿಂದ ವಿಚಾರಿಸುವುದು ಉಚಿತವಾಗಿದೆ.

ಸಾಧನಗಳ ಪರಂಪರೆ

ಕಥೆಯ ವಾಹನವು ಬದಲಾದದ್ದು ಇದೇ ಮೊದಲಲ್ಲ. ಬಾಯಿಂದ ಬಾಯಿಗೆ ಬಂದುದು ಓಲೆಗರಿಗೆ ಇಳಿಯಿತು. ಓಲೆಗರಿಯಿಂದ ಮುದ್ರಣಕ್ಕೆ ಬಂದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಪ್ರಕಟಿಸಿದಂದಿನಿಂದ ಕನ್ನಡಕ್ಕೆ ಪತ್ರಿಕೆಯೆಂಬ ಹೊಸ ಬಾಯಿ ಬಂದಂತಾಯಿತು. ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳ ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಬಳಿಕ ತಾವೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅವರು ಹಾಗೆ ಮಾಡದಿದ್ದರೆ ಎಷ್ಟು ವಚನಗಳು ಗೆದ್ದಲಿಗೆ ಆಹಾರವಾಗುತ್ತಿದ್ದವೋ ಹೇಳಲಾಗದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಕಥೆಗೆ ಮರಳಿ ಧ್ವನಿ ದೊರೆಯಿತು. ಸಾಧನವು ಬದಲಾದಾಗಲೆಲ್ಲ ಕಥೆ ಅಳಿಯಲಿಲ್ಲವೆಂಬುದನ್ನು ಮೊದಲು ಮನಗಾಣಬೇಕು. ಹೊಸತೆಂಬ ಕಾರಣದಿಂದಲೇ ಹೊಸತನ್ನು ಹಳಿಯುವುದು ವಿವೇಕವಲ್ಲ.

ಬೆಂಗಳೂರಿನ ಹೊರವಲಯ

ಈ ಬದಲಾವಣೆಯನ್ನು ಕಣ್ಣಾರೆ ಕಾಣಬೇಕಾದರೆ ಬೆಂಗಳೂರಿನ ಹೊರವಲಯವನ್ನು ನೋಡಬೇಕು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು 1976ರಲ್ಲಿ ಸ್ಥಾಪನೆಗೊಂಡ ಮೇಲೆ, ಅದರ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ತಂತ್ರಾಂಶದ ಪೇಟೆ. ಪೀಣ್ಯವು ಯಂತ್ರೋಪಕರಣಗಳ ಬಿಡಿಭಾಗಗಳಿಂದ ಹಿಡಿದು ಸಿದ್ಧ ಉಡುಪಿನವರೆಗೆ ಸಾವಿರಾರು ಸಣ್ಣ ಕಾರ್ಖಾನೆಗಳ ನೆಲೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೊ ರೈಲು ತಲುಪಿತು. ಆ ರೈಲಿನಲ್ಲಿ ಕುಳಿತವರ, ನಿಂತವರ ದೃಷ್ಟಿಯೆಲ್ಲ ಕೈಯಲ್ಲಿನ ಮೊಬೈಲಿನ ಮೇಲೆ ನೆಟ್ಟಿರುತ್ತದೆ. ಕಲಬುರಗಿಯ ಕಾರ್ಮಿಕನೂ ಒಡಿಶಾದ ತರುಣನೂ ಮಂಡ್ಯದಿಂದ ಬಂದ ಎಂಜಿನಿಯರೂ ಒಂದೇ ಡಬ್ಬಿಯಲ್ಲಿ ಪ್ರಯಾಣಿಸುತ್ತಾರೆ. ಒಬ್ಬೊಬ್ಬನೂ ತನ್ನ ತನ್ನ ಭಾಷೆಯ ಕಥೆಯಲ್ಲಿ ಮುಳುಗಿರುತ್ತಾನೆ. ಹಿಂದೆ ಒಂದು ಕಥೆಗೆ ಊರೆಲ್ಲ ಕಿವಿಯಾಗುತ್ತಿತ್ತು. ಈಗ ಒಂದು ಡಬ್ಬಿಯಲ್ಲಿ ನೂರು ಕಥೆಗಳಿದ್ದರೂ ಒಬ್ಬನ ಕಥೆ ಪಕ್ಕದವನಿಗೆ ಕೇಳಿಸದು.

ಗಣಕದಿಂದಾದ ಉಪಕಾರ

ಗಣಕಯಂತ್ರವು ಕನ್ನಡಕ್ಕೆ ಮಾಡಿರುವ ಉಪಕಾರವನ್ನು ಮರೆಯಲಾಗದು. ಕಾಗುಣಿತ, ಒತ್ತಕ್ಷರಗಳಿಂದ ಕೂಡಿದ ಕನ್ನಡ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವುದು ಸುಲಭದ ಮಾತಾಗಿರಲಿಲ್ಲ. ಕೆ.ಪಿ. ರಾವ್ ಅವರು ಅಕ್ಷರಗಳ ಉಚ್ಚಾರಣೆಯನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ನೂರಾರು ಸಂಯುಕ್ತಾಕ್ಷರಗಳಿಗೆ ಒಂದೊಂದು ಸಂಕೇತವಿಲ್ಲ. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರವನ್ನು ಸೂಚಿಸುವ ವಿರಾಮಚಿಹ್ನೆ ಮೊದಲಾದವುಗಳಿಗೆ ಮಾತ್ರ ಸಂಕೇತಗಳಿದ್ದು, ಕಕಾರಕ್ಕೆ ವಿರಾಮವೂ ಷಕಾರವೂ ಸೇರಿದರೆ ಯಂತ್ರವೇ ‘ಕ್ಷ’ವನ್ನು ಕೂಡಿಸಿ ತೋರಿಸುತ್ತದೆ. ವರ್ಣಗಳು ಕೂಡಿ ಅಕ್ಷರವಾಗುವ ಕ್ರಮವನ್ನು ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಓದಿದ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು.

ಈ ತಳಹದಿಯ ಮೇಲೆ ಅನೇಕ ಸತ್ಕಾರ್ಯಗಳು ನಡೆದಿವೆ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಹಿಂದಿನ ವಿದ್ವಾಂಸರು ಇದಕ್ಕಾಗಿ ತಿಂಗಳುಗಟ್ಟಲೆ ಪುಟಗಳನ್ನು ತಿರುವಬೇಕಾಗಿತ್ತು. ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕಕ್ಕೆ ಇಳಿಸುವ ಕಾರ್ಯವನ್ನು ಕೈಗೊಂಡಿದೆ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಂತಹ ಕಲ್ಲುಗಳ ಸವೆದ ಅಕ್ಷರಗಳನ್ನೂ ಈ ವಿಧಾನದಿಂದ ಸ್ಪಷ್ಟವಾಗಿ ಓದಬಹುದಾಗಿದೆ. ಹೊಸ ಲೇಖಕರಿಗೂ ದಾರಿ ತೆರೆದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಂತಹ ತಾಣಗಳಲ್ಲಿ ಗೃಹಿಣಿಯರೂ ನೌಕರರೂ ಸಂಪಾದಕರ ಬಾಗಿಲನ್ನು ಕಾಯದೆ ಧಾರಾವಾಹಿಗಳನ್ನು ಬರೆಯುತ್ತಾರೆ. ಓದಲು ಬಿಡುವಿಲ್ಲದವರು ದಾರಿಯಲ್ಲಿ ಕಥೆಯನ್ನು ಕಿವಿಯಿಂದ ಕೇಳುತ್ತಾರೆ. ಮುದ್ರಣವು ಕಣ್ಣಿಗೆ ಒಪ್ಪಿಸಿದ್ದನ್ನು ಹೊಸ ಯಂತ್ರವು ಮತ್ತೆ ಕಿವಿಗೆ ಹಿಂದಿರುಗಿಸಿದೆಯೆಂದರೆ ತಪ್ಪಾಗಲಾರದು.

ಹೊಣೆಗಾರನಿಲ್ಲದ ಕಥೆ

ಆದರೆ ನಾಣ್ಯಕ್ಕೆ ಇನ್ನೊಂದು ಮುಖವುಂಟು. ಹಿಂದಿನ ಕಥನಕ್ಕೆ ಹೇಳುವವನು, ಕೇಳುವವನು, ಕಥೆ ಎಂಬ ಮೂರು ಅಂಗಗಳಿದ್ದವು. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ‘ಹೂಂ’ಗುಟ್ಟುತ್ತಿರಬೇಕಾಗಿತ್ತು, ಹೂಂಕಾರ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನಡುವೆ ಸಂಶಯ ಬಂದರೆ ಕೇಳಬಹುದಾಗಿತ್ತು. ಹರಿದಾಸರು ಪ್ರಸಂಗವನ್ನು ತಪ್ಪಿ ನುಡಿದರೆ ಸಭೆಯಲ್ಲಿನ ಹಿರಿಯರು ಅಲ್ಲಿಯೇ ತಿದ್ದುತ್ತಿದ್ದರು. ಹೇಳುವವನು ಯಾರು, ಯಾವ ಊರಿನವನು, ನಂಬತಕ್ಕವನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಂದು ಅಂಗೈಗೆ ಬರುವ ಕಥೆಗೆ ಬಹುಮಟ್ಟಿಗೆ ಹೇಳುವವನೇ ಇಲ್ಲ. ಯಾರೋ ಬರೆದುದನ್ನು ಇನ್ನಾರೋ ಕಳುಹಿಸುತ್ತಾರೆ. ಯಾವುದನ್ನು ಯಾರಿಗೆ ತೋರಿಸಬೇಕೆಂಬುದನ್ನು ಯಂತ್ರದ ಲೆಕ್ಕಾಚಾರವು ನಿರ್ಧರಿಸುತ್ತದೆ. ಆ ಲೆಕ್ಕಕ್ಕೆ ನಿಜ ಸುಳ್ಳುಗಳ ಗೊಡವೆಗಿಂತ ನೋಡುಗನನ್ನು ಹಿಡಿದಿಡುವ ಆತುರವೇ ಹೆಚ್ಚು.

ಇದರ ಫಲವನ್ನು ಬೆಂಗಳೂರು ಉಂಡಿದೆ. 2012ರ ಆಗಸ್ಟ್ ತಿಂಗಳಿನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ನಡೆಯಲಿದೆಯೆಂಬ ಸುಳ್ಳು ಕಥೆಯೊಂದು ಮೊಬೈಲ್ ಸಂದೇಶಗಳ ಮೂಲಕ ಹರಡಿತು. ಹೋಟೆಲುಗಳಲ್ಲಿ, ಕಾವಲು ಕೆಲಸಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಜನರು ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು; ಸಗಟು ಸಂದೇಶಗಳ ಮೇಲೆ ಕೇಂದ್ರ ಸರ್ಕಾರವು 15 ದಿನಗಳ ನಿರ್ಬಂಧವನ್ನು ಹೇರಿತು. 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯನ್ನು ನಂಬಿದ ಗುಂಪೊಂದು ಇದೇ ನಗರದಲ್ಲಿ ಹೊಟ್ಟೆಪಾಡಿಗಾಗಿ ಹೊರರಾಜ್ಯದಿಂದ ಬಂದಿದ್ದ ನಿರಪರಾಧಿಯೊಬ್ಬನನ್ನು ಹೊಡೆದು ಕೊಂದಿತು. ಆ ಕಥೆಗಳನ್ನು ಮೊದಲು ಹೇಳಿದವನಾರೆಂದು ಕೇಳಿದವರು ವಿರಳ. ‘ಇದನ್ನು ಹೇಳಿದವರು ಯಾರು?’ ಎಂಬ ಒಂದೇ ಪ್ರಶ್ನೆಯನ್ನು ಪ್ರತಿಯೊಬ್ಬನೂ ಕೇಳಿದ್ದರೆ ಒಂದು ಜೀವ ಉಳಿಯಬಹುದಾಗಿತ್ತು. ಕಥೆಯನ್ನು ಕೇಳುವ ಬಗೆಯೂ ಒಂದು ವಿದ್ಯೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಸಪೋಷಣೆಗೆ ಕಾಲ ಬೇಕು

ಎರಡನೆಯ ದೋಷವು ಆತುರ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸನಿಷ್ಪತ್ತಿಯಾಗುತ್ತದೆಂಬುದು ಭರತಮುನಿಯ ಸಿದ್ಧಾಂತ. ಈ ಸಂಯೋಗಕ್ಕೆ ಕಾಲ ಬೇಕು. ಪಾತ್ರವನ್ನು ಪರಿಚಯಿಸಿಕೊಂಡು, ಅದರ ಸುಖದಲ್ಲಿ ಹಿಗ್ಗಿ, ದುಃಖದಲ್ಲಿ ಕುಗ್ಗಿದ ಮೇಲಲ್ಲದೆ ಕರುಣರಸವು ಹೃದಯದಲ್ಲಿ ಒಸರದು. ಅರ್ಧ ನಿಮಿಷದ ದೃಶ್ಯತುಣುಕು ಬೆರಗನ್ನು ಹುಟ್ಟಿಸಬಲ್ಲದು, ನಗಿಸಬಲ್ಲದು, ಸಿಟ್ಟನ್ನು ಕೆರಳಿಸಬಲ್ಲದು, ಕರುಣೆಯನ್ನು ಬೆಳೆಸಲಾರದು. ಸಾವಿನ ಚಿತ್ರದ ಬೆನ್ನಿಗೇ ಕುಣಿತದ ಚಿತ್ರ ಬಂದರೆ ಮೊದಲನೆಯದಕ್ಕಾಗಿ ಒಸರಿದ ಕಣ್ಣೀರು ಇಳಿಯುವ ಮೊದಲೇ ಆರಿಹೋಗುತ್ತದೆ. ಎಳೆಯ ಮನಸ್ಸು ಇದಕ್ಕೆ ಒಗ್ಗಿದರೆ ಪರರ ನೋವಿನ ಮುಂದೆ ನಿಲ್ಲುವ ಶಕ್ತಿಯನ್ನೇ ಕಳೆದುಕೊಳ್ಳುವುದೆಂಬ ಭಯವಿದೆ.

ಹಾಗೆಂದು ಕಿರಿದಾದುದೆಲ್ಲವೂ ದೋಷವೆಂದು ಭಾವಿಸಬಾರದು. ವಚನವು ಕಿರಿದು, ತ್ರಿಪದಿ ಕಿರಿದು, ಗಾದೆಯಂತೂ ಒಂದೇ ಸಾಲು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನವು ಬೆಂಗಳೂರಿನ ಹೆಸರುಳ್ಳ ಕಾಳಗವನ್ನೂ ಅದರಲ್ಲಿ ಮಡಿದವನನ್ನೂ ಕೆಲವೇ ಮಾತುಗಳಲ್ಲಿ ನೆನೆಯುತ್ತದೆ. ಸಾವಿರ ವರ್ಷಗಳು ಕಳೆದರೂ ಓದುಗನು ಅದರ ಮುಂದೆ ನಿಲ್ಲುತ್ತಾನೆ. ಭೇದವಿರುವುದು ಅಳತೆಯಲ್ಲಲ್ಲ, ಗತಿಯಲ್ಲಿ. ವಚನವು ಓದುಗನನ್ನು ತನ್ನ ಬಳಿಗೆ ಮತ್ತೆ ಮತ್ತೆ ಕರೆಯುತ್ತದೆ; ತೆರೆಯ ಮೇಲಿನ ತುಣುಕು ತನ್ನನ್ನು ಮರೆತು ಮುಂದಿನದಕ್ಕೆ ಹೋಗೆನ್ನುತ್ತದೆ. ಮೊದಲನೆಯದು ಬೀಜದಂತೆ, ಮನಸ್ಸಿನಲ್ಲಿ ನೆಲೆಸಿ ಮೊಳೆಯುತ್ತದೆ. ಎರಡನೆಯದು ಹೊಟ್ಟಿನಂತೆ, ಗಾಳಿ ಬೀಸಿದತ್ತ ಹಾರುತ್ತದೆ.

ಮೂರನೆಯದು ಲಿಪಿಯ ಪ್ರಶ್ನೆ. ಕನ್ನಡ ಅಕ್ಷರಗಳನ್ನು ಅಚ್ಚುಕಟ್ಟಾಗಿ ಮೂಡಿಸುವ ಶಕ್ತಿ ಯಂತ್ರಕ್ಕೆ ಬಂದಿದ್ದರೂ ಎಳೆಯರು ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದುಂಟು. ಆಗ ನಕಾರ ಣಕಾರಗಳ, ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದವು ಅಳಿಸಿಹೋಗುತ್ತದೆ. ‘ಹಲ್ಲಿ’ಗೂ ‘ಹಳ್ಳಿ’ಗೂ ಅಂತರ ಉಳಿಯದು. ಯಂತ್ರವು ಕಲಿತ ಕನ್ನಡವನ್ನು ಕನ್ನಡಿಗನೇ ಮರೆಯುವುದು ವಿಷಾದದ ಸಂಗತಿ.

ಮನೆಯ ಹಾಗೂ ಶಾಲೆಯ ಹೊಣೆ

ಇಂತಿರಲು ಮಾಡತಕ್ಕುದೇನು? ಮೊಬೈಲನ್ನು ಕಸಿದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಹೊರವಲಯದ ದುಡಿಮೆಯ ಮನೆಗಳಲ್ಲಿ ತಾಯಿತಂದೆಯರಿಬ್ಬರೂ ಪಾಳಿಯ ಕೆಲಸಕ್ಕೆ ಹೋದಾಗ ಮಗುವಿಗೆ ಜೊತೆಯಾಗಿರುವುದು ಅದೊಂದೇ ಎಂಬ ಕಷ್ಟವನ್ನು ಅರಿಯದೆ ಉಪದೇಶ ಮಾಡುವುದು ಸಲ್ಲದು. ಅದಕ್ಕೆ ಬದಲಾಗಿ ದಿನಕ್ಕೊಂದು ಕಥೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೇಳುವ, ಓದುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು. ಕೇಳಿದ ಕಥೆಯನ್ನು ಮರುದಿನ ತರಗತಿಯಲ್ಲಿ ತಮ್ಮ ಮಾತಿನಲ್ಲಿ ಹೇಳಿಸಬೇಕು. ಬಂದ ಸಂದೇಶವನ್ನು ಮುಂದೆ ಕಳುಹಿಸುವ ಮೊದಲು ಹೇಳಿದವರಾರು, ಕಂಡವರಾರು ಎಂದು ವಿಚಾರಿಸುವುದನ್ನು ಕಾಗುಣಿತದಷ್ಟೇ ಶ್ರದ್ಧೆಯಿಂದ ಕಲಿಸಬೇಕು.

ಇನ್ನೊಂದು ಕಾರ್ಯವುಂಟು. ಪೀಣ್ಯದ ಬಾಡಿಗೆಯ ಕೋಣೆಗಳಿಗೆ ರಾಯಚೂರು, ಕೊಪ್ಪಳ, ಯಾದಗಿರಿಗಳಿಂದ ಬಂದ ಮನೆಗಳಲ್ಲಿ ಬೀಸುವ ಕಲ್ಲಿನ ಪದಗಳನ್ನೂ ಲಾವಣಿಗಳನ್ನೂ ನೆನಪಿಟ್ಟುಕೊಂಡ ಹಿರಿಯರಿದ್ದಾರೆ. ಬೀಸುವ ಕಲ್ಲು ಹಿಂದೆ ಉಳಿಯಿತು. ಪದವು ಇನ್ನೂ ಬಾಯಲ್ಲಿದೆ. ಕೇಳುವವರಿಲ್ಲದೆ ಅದೂ ಅವರೊಂದಿಗೆ ಮರೆಯಾಗುವ ಕಾಲ ದೂರವಿಲ್ಲ. ವಿದ್ಯಾರ್ಥಿಗಳು ಅದೇ ಮೊಬೈಲಿನಲ್ಲಿ, ಹಿರಿಯರ ಒಪ್ಪಿಗೆಯನ್ನು ಪಡೆದು, ಆ ಪದಗಳನ್ನು ಧ್ವನಿಮುದ್ರಿಸಿಕೊಳ್ಳಲಿ. ಹೇಳಿದವರ ಹೆಸರು, ಊರು, ದಿನಾಂಕಗಳೊಂದಿಗೆ ಕನ್ನಡ ಲಿಪಿಯಲ್ಲಿ ಬರೆದಿಡಲಿ. ಹಳಕಟ್ಟಿಯವರು ಓಲೆಗರಿಗಳಿಗಾಗಿ ಮನೆಮನೆ ಅಲೆದರು. ಇಂದಿನ ವಿದ್ಯಾರ್ಥಿಯು ಪಕ್ಕದ ಮನೆಯ ಬಾಗಿಲನ್ನು ತಟ್ಟಿದರೆ ಸಾಕು. ಹೀಗೆ ಮಾಡಿದಲ್ಲಿ ಹೇಳುವವರಿಗೆ ಮರಳಿ ಕೇಳುಗರು ದೊರೆಯುತ್ತಾರೆ. ಕೇಳುಗರಿಗೆ ತಾಳ್ಮೆ ಒದಗುತ್ತದೆ. ಯಂತ್ರವು ಒಡೆಯನಾಗದೆ ಓಲೆಕಾರನಾಗಿ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ.